ಅವಲಕ್ಕಿಗೆ ಕ್ಯಾಮೆರಾ ಶುಲ್ಕ

ಕ್ಯಾಮೆರಾ ಟಿಕೆಟ್ ವಿಷಯಕ್ಕೆ ಗೇಟಿನಲ್ಲಿ ಬ್ಯಾಗ್ ಬಿಚ್ಚಿಸಿ ಜಗಳವಾದ ಆ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ, ಅಲ್ವಾ? ನಮ್ಮ ಶಿರಸಿ ಕಡೆಯ ಜಲಪಾತದ್ದು. ಯಾವುದು ಅಂತ ಹೇಳುವುದಿಲ್ಲ, ನಾನು ಮತ್ತೆ ಅದೇ ಗೇಟು ದಾಟಬೇಕು. ನೋಡಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಹೋದ ತಿಂಗಳು ಅಲ್ಲೇ ನಾನು ಅವಲಕ್ಕಿಗೆ 100 ರೂಪಾಯಿ ಕಟ್ಟಿ ಬಂದಿದ್ದೇನೆ.

ಮಳೆಗಾಲ ನೋಡಿ, ಲೆನ್ಸಿಗೆ ಬೂಷ್ಟು ಹಿಡಿದು ಕ್ಯಾಮೆರಾ ಸಮೇತ ರಿಪೇರಿಗೆ ಹೋಗಿತ್ತು. ಖಾಲಿ ಬಿದ್ದಿದ್ದ ಬ್ಯಾಗಿಗೆ ಮನೆಯವಳು ಒಗ್ಗರಣೆ ಅವಲಕ್ಕಿ ಡಬ್ಬಿ ಹಾಕಿಕೊಟ್ಟಳು. ಒಳಗೆ ವೆಲ್ಕ್ರೋದಲ್ಲಿ ಅಂಟಿಸುವ ಮೆತ್ತನೆ ಗೋಡೆಗಳಿರುತ್ತವಲ್ಲ, ಅವನ್ನು ಚರ್ರನೆ ಕಿತ್ತು ಆಚೆ ಸರಿಸಿದರೆ ಆಯ್ತು, ದೊಡ್ಡ ಲೆನ್ಸಿನ ಜಾಗದಲ್ಲಿ ಡಬ್ಬಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಫ್ಲ್ಯಾಶ್ ಇಡುವಲ್ಲಿ ಮಜ್ಜಿಗೆ ಬಾಟಲಿ.

"ಸರ್, ಕ್ಯಾಮೆರಾ ಟಿಕೆಟ್."

"ಕ್ಯಾಮೆರಾ ಇಲ್ಲ ಮಾರಾಯಾ. ಅವಲಕ್ಕಿ. ಬೇಕಾದ್ರೆ ನೋಡು."

ಗೇಟಿನವನು ಬಗ್ಗಿ ನೋಡಿದ. ಒಗ್ಗರಣೆ ವಾಸನೆಯೂ ಬಡಿದಿರಬೇಕು. "ಬ್ಯಾಗು ಕ್ಯಾಮೆರಾದ್ದೇ ಅಲ್ವಾ ಸರ್?" ಅಂದ.

ಎಂಥಾ ಸೂಕ್ಷ್ಮ ದೃಷ್ಟಿ! ಒಳಗೆ ಏನಿದೆ ಅಂತ ಯಾರು ಬೇಕಾದರೂ ನೋಡುತ್ತಾರೆ. ನಾನು ದುಡ್ಡು ಎಣಿಸುತ್ತಿರುವಾಗಲೇ ನಾಲ್ಕು ಹುಡುಗರು ಫೋನು, ಕೋಲು, ಲೈಟು ಹಿಡಿದು ರೀಲ್ಸ್ ಮಾಡುತ್ತಾ ಪುಕ್ಕಟೆ ಒಳಗೆ ಹೋದರು. ಸ್ಯಾಮ್‌ಸಂಗ್‌ನವರು 200 ಮೆಗಾಪಿಕ್ಸೆಲ್ ಫೋನ್ ತಂದದ್ದು 2023ರಲ್ಲೇ. ನನ್ನ ಕ್ಯಾಮೆರಾ 24. ಆದರೆ ಫೋನು ಜೇಬಲ್ಲಿ ಹಿಡಿಸುತ್ತದೆ, ಹಾಗಾಗಿ ಅದು ಕ್ಯಾಮೆರಾ ಅಲ್ಲ. ಕಾರವಾರದ ಅರ್ಗಾದಲ್ಲಿ ನೌಕಾನೆಲೆ ಇದೆ, ಅಲ್ಲಿ ಫೋಟೋ ತೆಗೆಯಬೇಡಿ ಅಂದರೆ ಅರ್ಥವಾಗುತ್ತದೆ. ಇಲ್ಲಿ ಬೀಳುತ್ತಿರುವುದು ನೀರು ಮಾರಾಯ್ರೆ, ಅದರಲ್ಲೇನು ಗುಟ್ಟು?

ಬ್ಯಾಗಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನನ್ನದಕ್ಕೆ ಹದಿನಾಲ್ಕು ಜೇಬು. ಬ್ಯಾಟರಿಗೊಂದು, ಮೆಮೊರಿ ಕಾರ್ಡಿಗೊಂದು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಕ್ಕೊಂದು, ಮೇಲೆ ಮಳೆಗೆ ಹೊದಿಸುವ ಕೊಪ್ಪೆ. ಆದರೂ ಲೆನ್ಸಿನ ಮುಚ್ಚಳ ಬೇಕಾದಾಗ ಸಿಕ್ಕಿದ್ದೇ ಇಲ್ಲ. ನಮ್ಮ ಅಜ್ಜನ ಹತ್ತಿರ ಎಲೆ-ಅಡಿಕೆ ಸಂಚಿ ಇತ್ತು. ಎಲೆಗೊಂದು ಪದರ, ಅಡಿಕೆಗೊಂದು, ತಂಬಾಕಿಗೊಂದು, ಮೂಲೆಯಲ್ಲಿ ಸುಣ್ಣದ ಡಬ್ಬಿ. ಕರೆಂಟು ಹೋದ ಕತ್ತಲೆಯಲ್ಲೂ, ಮಾತು ನಿಲ್ಲಿಸದೆ, ಬೆರಳು ಸೀದಾ ಸುಣ್ಣಕ್ಕೇ ಹೋಗುತ್ತಿತ್ತು. ಸಂಚಿ ಒದ್ದೆಯಾದರೆ ಒಲೆಯ ಮೇಲಿನ ಅಟ್ಟಕ್ಕೆ ಹಾಕುತ್ತಿದ್ದ. ನಾನು ಕ್ಯಾಮೆರಾ ಬ್ಯಾಗನ್ನೂ ಅಲ್ಲಿಗೇ ಹಾಕಿದೆ. ಬೂಷ್ಟು ಹೋಯ್ತು, ಹೊಗೆ ವಾಸನೆ ಉಳಿಯಿತು. ಸಿಲಿಕಾ ಜೆಲ್ಲಿಗಿಂತ ಅಗ್ಗ.

ಇರಲಿ. ದುಡ್ಡು ಕೊಟ್ಟೆ, ರಸೀದಿ ಕೇಳಿದೆ. ಕ್ಯಾಮೆರಾ ರಸೀದಿ ಪುಸ್ತಕ ಖಾಲಿಯಂತೆ. 'ಟೆಂಪೋ ಪಾರ್ಕಿಂಗ್' ಅಂತ ಛಾಪಿಸಿದ್ದನ್ನು ಹರಿದುಕೊಟ್ಟ.

ಆ ಟೆಂಪೋ ಹೆಗಲಿಗೆ ಹಾಕಿಕೊಂಡು ಕೆಳಗಿಳಿದೆ. ಮೆಟ್ಟಿಲಿಗೆಲ್ಲ ಪಾಚಿ. ಕಬ್ಬಿಣದ ಕಟಾಂಜನ ಕಿತ್ತುಬಂದ ಕಡೆ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದಾರೆ. ಶೌಚಾಲಯಕ್ಕೆ ಬೀಗ. ಒಬ್ಬ ಹೆಂಗಸು ಮಗುವನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಆ ಹಗ್ಗ ಹಿಡಿದು ಇಳಿಯುತ್ತಿದ್ದಳು. ಹಗ್ಗ ಅತ್ತಿತ್ತ ಓಲಾಡುತ್ತಿತ್ತು. ತಮಾಷೆ ಸಾಕು. ಈ ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ? ವರ್ಷವಿಡೀ ಟಿಕೆಟ್ ಹರಿಯುತ್ತೀರಿ, ಎರಡು ಕಂಬ ಹುಗಿಯೋಕಾಗಲ್ವಾ? ಯಾರಾದರೂ ಜಾರಿ ಬೀಳಬೇಕಾ? ಬಿದ್ದರೂ ಒಂದು ಬೋರ್ಡು ಹಾಕುತ್ತಾರೆ, ಅಷ್ಟೇ.

ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡೋಮ್ಕೆ 1970ರ ದಶಕದಲ್ಲೇ ಕ್ಯಾನ್ವಾಸ್ ಬಟ್ಟೆಯ ಸಾದಾ ಚೀಲ ಮಾಡಿಕೊಂಡಿದ್ದ. ನೋಡಿದರೆ ಕ್ಯಾಮೆರಾ ಬ್ಯಾಗ್ ಅನ್ನಿಸುವುದಿಲ್ಲ. ಪುಣ್ಯಾತ್ಮ, ನಮ್ಮ ಗೇಟು ಕಾಣದೆಯೇ ಅಷ್ಟು ಯೋಚಿಸಿದ್ದ.

ಮೊನ್ನೆ ಕ್ಯಾಮೆರಾ ರಿಪೇರಿಯಾಗಿ ಬಂತು. ಟವೆಲಿನಲ್ಲಿ ಸುತ್ತಿ ಸಂತೆಯ ಬಟ್ಟೆ ಚೀಲಕ್ಕೆ ಹಾಕಿದೆ, ಮೇಲೆ ಒಂದು ಕಟ್ಟು ಬಸಳೆ ಇಟ್ಟೆ. ದಂಟು ಹೊರಗೆ ಕಾಣುವ ಹಾಗೆ. ಬಸಳೆಗೆ ಇನ್ನೂ ರೇಟು ಬರೆದಿಲ್ಲ.