ಹಿದುಕುವ ಸುಖ

ಧನುರ್ಮಾಸ ಬಂತೆಂದರೆ ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲಿ ಇರುವ ಕೆಲಸ ಸಾಲದೇನೋ ಎಂಬಂತೆ ಇನ್ನೊಂದು ಬಂದು ಸೇರುತ್ತದೆ. ಅವರೆಕಾಯಿ ಸುಲಿಯುವುದು. ಸುಲಿದರೆ ಮುಗಿಯಿತೇ? ಕಾಳನ್ನು ನೀರಲ್ಲಿ ನೆನೆಹಾಕಿ, ಒಂದೊಂದನ್ನೇ ಹಿದುಕಿ, ಮೇಲಿನ ಸಿಪ್ಪೆ ತೆಗೆಯಬೇಕು. ಲೆಕ್ಕ ಹಾಕುವವರಿಗೆ ಇದು ಶುದ್ಧ ನಷ್ಟದ ಬಾಬತ್ತು. ಚೀಲದ ತುಂಬ ಕಾಯಿ ತಂದರೆ ಕೊನೆಗೆ ಸಿಗುವುದು ಒಂದು ಪಾತ್ರೆ ಬೇಳೆ.

ಈಗ ಹಿದುಕಿದ ಬೇಳೆಯೇ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಬೆಲೆ ಜಾಸ್ತಿ, ಆದರೂ ಜನ ಕೊಳ್ಳುತ್ತಾರೆ. ತಪ್ಪೇನಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿ, ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ, ಟ್ರಾಫಿಕ್ಕಿನಲ್ಲಿ ಸಿಕ್ಕಿ ಒದ್ದಾಡಿ ಬಂದವರಿಗೆ ಕೂತು ಕಾಳು ಹಿದುಕಿ ಅಂತ ಉಪದೇಶ ಮಾಡುವ ಧೈರ್ಯ ನನಗಿಲ್ಲ. ನಾನು ಮಾತ್ರ ಕಾಯಿಯನ್ನೇ ತರುತ್ತೇನೆ.

ನೆಂದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತುಸು ಒತ್ತಿದರೆ ಸಾಕು, ಬೇಳೆ ಪುಳಕ್ಕನೆ ಹೊರಗೆ. ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಒತ್ತುವುದು ಸ್ವಲ್ಪ ಜೋರಾಯಿತೋ, ಬೇಳೆ ಹಾರಿ ಸೋಫಾದಡಿ ಸೇರುತ್ತದೆ. ಯುಗಾದಿಗೆ ಮನೆ ಗುಡಿಸುವಾಗ ಒಣಗಿ ಸಿಗುತ್ತದೆ. ಈ ಕೆಲಸಕ್ಕೆ ಪಾಸ್‌ವರ್ಡ್ ಬೇಡ, ಓಟಿಪಿ ಬೇಡ. ಆಫೀಸಿನ ರಿಪೋರ್ಟ್ ಎಷ್ಟು ಸಲ ಕಳಿಸಿದರೂ ತಿದ್ದಿ ಕೊಡಿ ಅಂತ ವಾಪಸ್ ಬರುತ್ತದೆ. ಹಿದುಕಿದ ಕಾಳು ಹಿದುಕಿದ್ದೇ. ರಾಶಿ ಕಣ್ಣೆದುರೇ ಕರಗುತ್ತದೆ. ಇನ್ನೊಂದು ಲಾಭ, ಕೈ ಒದ್ದೆ. ಫೋನ್ ಎಷ್ಟು ಬಡಿದುಕೊಂಡರೂ ಮುಟ್ಟುವಂತಿಲ್ಲ. ರಜಾ ಚೀಟಿ ಬರೆಯದೆ ಸಿಗುವ ರಜೆ ಇದು.

ಸುತ್ತ ಕೂತವರ ಬಾಯಿಯೂ ತಾನಾಗಿ ಬಿಚ್ಚುತ್ತದೆ. ಎದುರಿಗೆ ನಿಲ್ಲಿಸಿ "ಪರೀಕ್ಷೆ ಹೇಗಿತ್ತೋ?" ಅಂದರೆ "ಹ್ಞೂಂ" ಎಂದು ಜಾರಿಕೊಳ್ಳುವ ಮಗ, ಕಣ್ಣು ಪಾತ್ರೆಯ ಮೇಲಿದ್ದಾಗ ಗಣಿತದಲ್ಲಿ ಏನೇನು ಬಿಟ್ಟುಬಂದೆ ಅನ್ನುವುದನ್ನೂ ಹೇಳಿಬಿಡುತ್ತಾನೆ. ಆ ಹೊತ್ತಿಗೆ ನನಗೂ ಬೈಯಬೇಕು ಅನ್ನಿಸುವುದಿಲ್ಲ. ಅತ್ತೆಯದು ಪ್ರತಿ ವರ್ಷದ ಮಾತು: ಮಾಗಡಿ ಕಾಯಿಯ ಸೊಗಡೇ ಬೇರೆ, ಇಬ್ಬನಿ ಬಿದ್ದಷ್ಟೂ ಘಮ. ಕಾಯೊಳಗೆ ಹುಳ ಕಂಡು ಮಗಳು ಚೀರಿದರೆ, "ಹುಳ ಇದೆ ಅಂದ್ರೆ ಔಷಧಿ ಜಾಸ್ತಿ ಹೊಡೆದಿಲ್ಲ ಬಿಡೇ" ಅನ್ನುತ್ತಾರೆ. ಮರುದಿನ ಆಫೀಸಿನಲ್ಲಿ ಕೀಬೋರ್ಡ್ ಕುಟ್ಟುವಾಗಲೂ ಬೆರಳಲ್ಲಿ ಆ ಸೊಗಡು ಇರುತ್ತದೆ. ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ. ಹೋಗಲಿ ಅಂತ ನಾನೇನೂ ಅಷ್ಟು ಉಜ್ಜುವುದೂ ಇಲ್ಲ.

ಬೆಂಗಳೂರಿನ ವಿ.ವಿ. ಪುರಂನ ಸಜ್ಜನ್‌ರಾವ್ ಸರ್ಕಲ್ಲಿನ ಅವರೆಬೇಳೆ ಮೇಳಕ್ಕೆ ಜನ ಮುಗಿಬಿದ್ದು, 2023ರಲ್ಲಿ ಅದನ್ನು ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೆಸಿದರು. ಅಲ್ಲಿ ಅವರೆಬೇಳೆ ದೋಸೆ, ಹೋಳಿಗೆ, ಜಿಲೇಬಿ ಎಲ್ಲ ಸಿಗುತ್ತದೆ. ದೋಸೆಗೆ ನನ್ನ ಒಪ್ಪಿಗೆ ಇದೆ. ಜಿಲೇಬಿ, ಕ್ಷಮಿಸಿ, ಬೇಡ. ಹಿದುಕಿದ ಬೇಳೆಗೆ ಬಿಸಿ ಮುದ್ದೆಯೋ ಅಕ್ಕಿರೊಟ್ಟಿಯೋ ಜೊತೆಗಿದ್ದರೆ ಚೆನ್ನ, ಅಲ್ವಾ?

ಇನ್ನು ಸಾರಿಗೆ ರುಬ್ಬುವಾಗ ಗಸಗಸೆ ಹಾಕಬೇಕೋ ಬೇಡವೋ ಎಂಬ ತಕರಾರು. ಅತ್ತೆ ಬೇಕು ಅನ್ನುತ್ತಾರೆ, ನಾನು ಬೇಡ ಅನ್ನುತ್ತೇನೆ. ಶಿವರಾತ್ರಿ ಬಂದರೂ ಅದು ತೀರ್ಮಾನವಾಗುವುದಿಲ್ಲ. ಅಷ್ಟರಲ್ಲಿ ಅವರೆಕಾಯಿಯ ಕಾಲವೇ ಮುಗಿದಿರುತ್ತದೆ.