ಸೂರಿದ್ದವರಿಗೆ ಮಾತ್ರ ಸೂರ್ಯ

ವನವಾಸಕ್ಕೆ ಹೊರಟ ಧರ್ಮರಾಯನಿಗೆ ಒಂದೇ ಚಿಂತೆ: ಬೆನ್ನು ಹತ್ತಿ ಬಂದ ಬ್ರಾಹ್ಮಣರಿಗೆಲ್ಲ ಊಟ ಹಾಕುವುದು ಹೇಗೆ? ಸೂರ್ಯನನ್ನು ಪ್ರಾರ್ಥಿಸಿದ. ಸೂರ್ಯ ಬಂದ, ಅಕ್ಷಯ ಪಾತ್ರೆ ಕೊಟ್ಟ, ಹೋದ. ಅರಮನೆಯನ್ನು ಜೂಜಿನಲ್ಲಿ ಸೋತು ಮರದಡಿ ಮಲಗುತ್ತಿದ್ದವನ ಹತ್ತಿರ ಖಾತೆ ಎಲ್ಲಿ, ಕಂದಾಯ ರಸೀದಿ ಎಲ್ಲಿ, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಎಷ್ಟು ಎಂದೆಲ್ಲ ಕೇಳಲಿಲ್ಲ. ದೇವರಿಗೆ ಆಡಳಿತದ ಅನುಭವ ಕಡಿಮೆ. ಇವತ್ತು ಅದೇ ಧರ್ಮರಾಯ ಸರ್ಕಾರದ ಸೋಲಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದರೆ ‘ಅರ್ಜಿದಾರರಿಗೆ ಸ್ವಂತ ಛಾವಣಿ ಇಲ್ಲ’ ಎಂದು ಮೆಸೇಜು ಬಂದು, ದ್ರೌಪದಿ ಕಟ್ಟಿಗೆ ಆರಿಸಲು ಹೋಗಬೇಕಾಗುತ್ತಿತ್ತು.

ಮನೆ ಛಾವಣಿಗೆ ಸೋಲಾರ್ ಪ್ಯಾನೆಲ್ ಹಾಕಿಸಲು ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಶುರುಮಾಡಿದ ಪಿಎಂ ಸೂರ್ಯಘರ್ ಯೋಜನೆ ಸಣ್ಣದೇನಲ್ಲ. 75,021 ಕೋಟಿ ರೂಪಾಯಿ, 1 ಕೋಟಿ ಮನೆಗಳ ಗುರಿ. ಮೂರು ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಷರತ್ತು ಚಿಕ್ಕದು: ಸ್ವಂತ ಮನೆ ಇರಬೇಕು, ಅದರ ಮೇಲೆ ಪ್ಯಾನೆಲ್ ಕೂರುವಂಥ ಛಾವಣಿ ಇರಬೇಕು. ಬೆಂಗಳೂರಿನಲ್ಲಿ ಸ್ವಂತ ಛಾವಣಿ ಇರುವವರು ಯಾರು? ನಾಲ್ಕು ಮನೆ ಬಾಡಿಗೆಗೆ ಕೊಟ್ಟ ಓನರ್ರು. ಬಿಲ್ಲು ಕಟ್ಟುವವರು ಯಾರು? ಕೆಳಗಿರುವ ಆ ನಾಲ್ಕು ಮನೆಯವರು. ಬಾಡಿಗೆದಾರರ ಬಿಲ್ಲು ಇಳಿಸಲು ಲಕ್ಷಗಟ್ಟಲೆ ಸುರಿಯುವ ಓನರ್ ಎಲ್ಲಾದರೂ ಸಿಕ್ಕರೆ ದಯವಿಟ್ಟು ತಿಳಿಸಿ, ಸನ್ಮಾನ ಇಟ್ಟುಕೊಳ್ಳೋಣ.

ಇತ್ತ ರಾಜ್ಯ ಸರ್ಕಾರಕ್ಕೂ ಉಚಿತದ ಉಮೇದು. 2023ರಿಂದ ಗೃಹಜ್ಯೋತಿ ಇದೆ: ಹಿಂದಿನ ಬಳಕೆಯ ಸರಾಸರಿಗೆ ಶೇ 10 ಸೇರಿಸಿದಷ್ಟು ಕರೆಂಟಿಗೆ, 200 ಯೂನಿಟ್‌ನೊಳಗಿದ್ದರೆ, ಶೂನ್ಯ ಬಿಲ್. ಬಾಡಿಗೆದಾರರಿಗೂ ಉಂಟು. ಅಂದರೆ, ಒಂದು ಸರ್ಕಾರ ‘ಸಾಲ ಮಾಡಿ ಪ್ಯಾನೆಲ್ ಹಾಕಿಸಿದರೆ 300 ಯೂನಿಟ್‌ವರೆಗೆ ಪುಕ್ಕಟೆ’ ಅನ್ನುತ್ತದೆ. ಇನ್ನೊಂದು ‘ಏನೂ ಮಾಡದೆ ಸುಮ್ಮನಿದ್ದರೆ 200 ಯೂನಿಟ್‌ವರೆಗೆ ಪುಕ್ಕಟೆ’ ಅನ್ನುತ್ತದೆ. ಸುಮ್ಮನಿರುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ. ಟೆರೇಸು ಸಂಡಿಗೆಗೇ ಮೀಸಲಾಯಿತು.

ಅಪಾರ್ಟ್‌ಮೆಂಟಿನ ಕಥೆ ಬೇರೆ. ಅಲ್ಲಿ ಎಲ್ಲರೂ ಓನರ್ರೇ, ಛಾವಣಿ ಮಾತ್ರ ಯಾರದ್ದೂ ಅಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಅದು ಸಾಮಾನ್ಯ ಸ್ವತ್ತು. ಪ್ರತಿಯೊಬ್ಬರಿಗೂ ಅದರಲ್ಲಿ ಅವಿಭಜಿತ ಪಾಲು. ಒಂದೂವರೆ ಕೋಟಿ ಕೊಟ್ಟು ಕೊಂಡ ಮನೆಯ ಆಕಾಶದಲ್ಲಿ ನಿಮ್ಮ ಪಾಲು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುವ ಹಾಗಿಲ್ಲ. ತೋರಿಸಿದರೂ ಅಲ್ಲಿ ನೀರಿನ ಟ್ಯಾಂಕು, ಡಿಶ್ಶು, ಮೊಬೈಲ್ ಟವರು, ಮತ್ತು ನಕ್ಷೆಯಲ್ಲಿ ಇಲ್ಲದ ಒಂದು ಪೆಂಟ್‌ಹೌಸು ಕೂತಿರುತ್ತವೆ.

ಲೆಕ್ಕವೂ ಹೊಂದುವುದಿಲ್ಲ. ಒಂದು ಕಿಲೋವ್ಯಾಟ್‌ಗೆ ನೆರಳು ಬೀಳದ ಸುಮಾರು 100 ಚದರಡಿ ಬೇಕು. 20 ಮಹಡಿ, ಮಹಡಿಗೆ ನಾಲ್ಕರಂತೆ 80 ಮನೆ. ಮನೆಗೆ ಮೂರು ಕಿಲೋವ್ಯಾಟ್ ಅಂದರೂ 24,000 ಚದರಡಿ. ಮೇಲಿರುವುದೋ ನಾಲ್ಕು ಮನೆಯಗಲದ ಛಾವಣಿ, ಆರೇಳು ಸಾವಿರ ಚದರಡಿ ಇದ್ದರೆ ಪುಣ್ಯ. ಇದಕ್ಕೂ ಯೋಜನೆಯಲ್ಲಿ ಪರಿಹಾರವಿದೆ: ವಸತಿ ಸಂಘಗಳಿಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ. ಯಾವುದಕ್ಕೆ? ಸಾಮಾನ್ಯ ಸೌಲಭ್ಯಗಳಿಗೆ. ಲಿಫ್ಟು, ಪಂಪು, ಮೆಟ್ಟಿಲ ದೀಪ, ಕಾರು ಚಾರ್ಜಿಂಗು. ಹೀಗೆ ಒಂದೇ ಕಟ್ಟಡದೊಳಗೆ ಲಿಫ್ಟು ಸೂರ್ಯವಂಶಕ್ಕೆ ಸೇರಿತು, ಮಿಕ್ಸಿ ಬೆಸ್ಕಾಂ ವಂಶದಲ್ಲೇ ಉಳಿಯಿತು.

ಹಾಗಾದರೆ ಪ್ಯಾನೆಲ್‌ಗಳು ತಲೆಯ ಮೇಲೇ ಏಕಿರಬೇಕು? ಊರಾಚೆ ಜಾಗ ಇರುವ ಕಡೆ ಹತ್ತಾರು ಮನೆಯವರು ಸೇರಿ ಒಂದು ಘಟಕ ಹಾಕುವುದು, ಅಲ್ಲಿ ಹುಟ್ಟಿದ ಯೂನಿಟ್‌ಗಳನ್ನು ಪಾಲಿನ ಪ್ರಕಾರ ಅವರವರ ಬಿಲ್ಲಿನಲ್ಲಿ ಕಳೆಯುವುದು. ವರ್ಚುವಲ್ ನೆಟ್ ಮೀಟರಿಂಗ್ ಎಂಬ ಭಯಂಕರ ಹೆಸರಿಟ್ಟು ಜನರನ್ನು ಹೆದರಿಸಿರುವುದು ಇದಕ್ಕೇ. ನಮ್ಮ ಹಳ್ಳಿ ಡೇರಿಗಳು ದಶಕಗಳಿಂದ ಮಾಡುತ್ತಿರುವುದೂ ಇದನ್ನೇ: ಎಲ್ಲರ ಹಾಲೂ ಒಂದೇ ಕ್ಯಾನಿಗೆ, ಲೆಕ್ಕ ಅವರವರ ಪುಸ್ತಕಕ್ಕೆ. ಗೌರಿ ಹಸುವಿನ ಹಾಲು ಗೌರಿಯ ಯಜಮಾನನ ಕಾಫಿಗೇ ಬಿತ್ತೇ ಎಂದು ಯಾರೂ ತನಿಖೆಗೆ ಇಳಿದದ್ದಿಲ್ಲ.

ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ತಿಂಗಳುಗಟ್ಟಲೆ ಹಿಮ ಬೀಳುವ ಅಮೆರಿಕದ ಮಿನೆಸೋಟ 2013ರಲ್ಲೇ ಕಾನೂನು ಮಾಡಿ, ‘ಸೋಲಾರ್ ತೋಟ’ಗಳಲ್ಲಿ ಜನ ಪಾಲು ಹಿಡಿಯುವಂತೆ ಮಾಡಿತು. ಜರ್ಮನರಂತೂ ಬಾಲ್ಕನಿಯ ಕಂಬಿಗೇ ಪ್ಯಾನೆಲ್ ನೇತುಹಾಕುತ್ತಾರೆ. (ನಮ್ಮಲ್ಲಿ ಬಾಲ್ಕನಿಗೆ ಟವೆಲ್ ಹಾಕಿದರೂ ಅಸೋಸಿಯೇಷನ್ ವಾಟ್ಸಾಪಿನಲ್ಲಿ ಫೋಟೊ ಬೀಳುತ್ತದೆ.) ತಮಾಷೆಯೆಂದರೆ, ಸೂರ್ಯಘರ್ ಮಾರ್ಗಸೂಚಿಯ ಒಳಪುಟದಲ್ಲಿ ವರ್ಚುವಲ್ ನೆಟ್ ಮೀಟರಿಂಗಿಗೂ ಜಾಗವಿದೆ. ಅರ್ಹತೆಯ ಪಟ್ಟಿಯಲ್ಲಿ ಮಾತ್ರ ಛಾವಣಿಯನ್ನೇ ಕೇಳುತ್ತಾರೆ. ಒಳಪುಟ ಓದುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ.

ಬಿಸಿಲನ್ನು ಒಟ್ಟುಹಾಕುವುದು ನಮಗೆ ಗೊತ್ತಿಲ್ಲವೆಂದಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆ ತುಂಬ ಪ್ಯಾನೆಲ್, 2,050 ಮೆಗಾವ್ಯಾಟ್. ಮಳೆ ಕೈಕೊಟ್ಟ ನೆಲವನ್ನು ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆಗೆ ಪಡೆದು ಕಟ್ಟಿದ್ದು. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಂದು ತಿಂಗಳ ಮಟ್ಟಿಗೆ ಎರಡು ರೂಮಿನ ಮನೆ ಸಿಕ್ಕರೆ ಹೆಚ್ಚು. ಅಲ್ಲಿ ಇಡೀ ಎಕರೆ, ಇಡೀ ವರ್ಷದ ಬಿಸಿಲು. ಕಂಪನಿಗಳು ಕೂಡಿ ಮಾಡಿದರೆ ಅದು ಸೋಲಾರ್ ಪಾರ್ಕ್. ಎಂಬತ್ತು ಸಂಸಾರಗಳು ಕೂಡಿ ಎರಡು ಎಕರೆಯಲ್ಲಿ ಮಾಡುತ್ತೇವೆಂದರೆ ‘ನೋಡೋಣ, ಅರ್ಜಿ ಕೊಟ್ಟು ಹೋಗಿ’.

ಹಾಗೆಂದು ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿದರೆ ಅಸೋಸಿಯೇಷನ್‌ಗಳಿಗೆ ಅವಮಾನ ಮಾಡಿದಂತೆ. ಯಾವುದೇ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಗೆ ಭಾನುವಾರ ಬೆಳಿಗ್ಗೆ ಹೋಗಿ ಕೂರಿ. ವಿಷಯ ಸಂಖ್ಯೆ ಏಳು: ಸೋಲಾರ್.

‘ಊರಾಚೆ ಹಾಕಿದರೆ ಕಾಯೋರು ಯಾರು ಸಾರ್?’

‘ಮೇಲೇ ಹಾಕಿ. ಈಶಾನ್ಯ ಬಿಟ್ಟು ಹಾಕಿ, ಅಲ್ಲಿ ಭಾರ ಇರಬಾರದು.’

‘ನಾನು ಗ್ರೌಂಡ್ ಫ್ಲೋರ್. ಬಿಸಿಲೇ ಬರಲ್ಲ ನನಗೆ. ನಾನ್ಯಾಕೆ ದುಡ್ಡು ಕೊಡಲಿ?’

‘ಕರೆಂಟ್ ಹೋದಾಗ ಇದು ನಡೆಯುತ್ತಾ?’

ಮೂಲೆಯಲ್ಲಿದ್ದ ಎಂಜಿನಿಯರ್ ಪ್ರಾಮಾಣಿಕರು. ‘ಇಲ್ಲ. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ್ದು ಗ್ರಿಡ್ ನಿಂತರೆ ತಾನೂ ನಿಲ್ಲುತ್ತೆ. ಲೈನ್‌ಮನ್ ಪ್ರಾಣಕ್ಕೆ ಅಪಾಯ ಆಗದಿರಲಿ ಅಂತ.’ ಸಭೆಗೆ ಲೈನ್‌ಮನ್ ಮೇಲೆ ಸಿಟ್ಟು ಬರುತ್ತದೆ.

ಬಾಗಿಲ ಹತ್ತಿರ ನಿಂತಿದ್ದ ಹುಡುಗನೊಬ್ಬ ಕೈ ಎತ್ತುತ್ತಾನೆ. ‘ನಾನು ಬಾಡಿಗೆಗಿರೋದು. ನನಗೂ ಒಂದು ಪಾಲು ತಗೊಳ್ಳೋಕೆ ಆಗುತ್ತಾ?’

‘ಟೆನೆಂಟ್ಸ್‌ಗೆ ಓಟ್ ಇಲ್ಲಪ್ಪ,’ ಅಧ್ಯಕ್ಷರು ಪ್ರೀತಿಯಿಂದಲೇ ಹೇಳುತ್ತಾರೆ, ‘ಮೇಂಟೆನೆನ್ಸ್ ಮಾತ್ರ.’

ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಹೊರಗೆ ತಲೆ ಒಡೆಯುವ ಬಿಸಿಲು. ಕೆಳಗೆ ಜನರೇಟರ್ ಗುಡುಗಿ ಹೊಗೆ ಬಿಡುತ್ತದೆ, ಫ್ಯಾನು ತಿರುಗುತ್ತದೆ. ಖಜಾಂಚಿ ಆ ಗದ್ದಲದಲ್ಲೇ ಕೂಗಿ ಡೀಸೆಲ್ ನಿಧಿಗೆ ಮನೆಗೆ ತಿಂಗಳಿಗೆ 200 ರೂಪಾಯಿ ಏರಿಸುವ ಠರಾವು ಮಂಡಿಸುತ್ತಾರೆ. ಅದು ಸರ್ವಾನುಮತದಿಂದ ಪಾಸಾಗುತ್ತದೆ. ಸೋಲಾರ್ ವಿಷಯಕ್ಕೆ ಐವರ ಉಪಸಮಿತಿ. ಟೆರೇಸಿನ ಬೀಗದ ಕೈ ಸದ್ಯ ಯಾರ ಹತ್ತಿರ ಇದೆ ಎಂದು ಪತ್ತೆ ಹಚ್ಚಿ ಮುಂದಿನ ಸಭೆಗೆ ವರದಿ ಕೊಡುವುದು ಅದರ ಮೊದಲ ಕೆಲಸ.