ಗೇಟು ತೆರೆದರೆ ಕಥೆ ಮುಗೀತಾ?

ಮಧ್ಯಾಹ್ನ ಫ್ಯಾಮಿಲಿ ಗ್ರೂಪಿಗೆ ಒಂದು ರೀಲ್ ಬಂತು. 1945, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಶಿಬಿರ, ಅಮೆರಿಕದ ಟ್ಯಾಂಕು, ಗೇಟು ತೆರೆಯಿತು, ಹಿಂದೆ ಪಿಟೀಲು. ಕೆಳಗೆ ಸಾಲಾಗಿ ಕೈಮುಗಿದ ಇಮೋಜಿಗಳು. 'ಶುಭಂ' ಅಂತ ಬೋರ್ಡು ಬರುವುದೊಂದು ಬಾಕಿ.

ನನಗೆ ಮೈಯೆಲ್ಲ ಉರಿಯಿತು. ಆಮೇಲೇನಾಯ್ತು ಅಂತ ಒಬ್ಬರಾದರೂ ಕೇಳಬೇಡವಾ? ಬ್ರಿಟಿಷ್ ಸೇನೆ ಬರ್ಗನ್-ಬೆಲ್ಸನ್ ಶಿಬಿರಕ್ಕೆ ಕಾಲಿಟ್ಟಿದ್ದು ಏಪ್ರಿಲ್ 15ರಂದು. ಅದಾದ ಮೇಲೂ ಅಲ್ಲಿ 13 ಸಾವಿರಕ್ಕೂ ಜಾಸ್ತಿ ಜನ ಸತ್ತರು. ಟೈಫಸ್ ಜ್ವರ, ನಿತ್ರಾಣ. ಬಿಡುಗಡೆಯಾದವರೇ ಸತ್ತರು, ಸ್ವಾಮಿ.

ಬುಕೆನ್‌ವಾಲ್ಡ್ ಶಿಬಿರದಲ್ಲೂ ಅಷ್ಟೇ. ಅಮೆರಿಕ ಸೇನೆಯ ಜೊತೆಗಿದ್ದ ರಬ್ಬಿ (ಯಹೂದಿ ಧರ್ಮಗುರು) ಹರ್ಶೆಲ್ ಶಾಕ್ಟರ್ ಬ್ಯಾರಕ್ಕಿಂದ ಬ್ಯಾರಕ್ಕಿಗೆ ಓಡಿ, 'ಯಹೂದಿಗಳೇ, ನೀವೀಗ ಸ್ವತಂತ್ರರು' ಅಂತ ಯಹೂದಿಗಳ ಯಿಡ್ಡಿಶ್ ಭಾಷೆಯಲ್ಲಿ ಕೂಗಿದರು. ಹೆಣಗಳ ರಾಶಿಯ ಹಿಂದೆ ಏಳು ವರ್ಷದ ಹುಡುಗ ಅವಿತಿದ್ದ. ಎತ್ತಿಕೊಂಡು, ಅಳುತ್ತಾ ನಗುತ್ತಾ, ವಯಸ್ಸೆಷ್ಟು ಅಂತ ಕೇಳಿದರು. ನಿನಗಿಂತ ನಾನೇ ದೊಡ್ಡವನು ಅಂದನಂತೆ. ನೀನು ಮಕ್ಕಳ ಹಾಗೆ ಅಳುತ್ತೀಯ, ನಗುತ್ತೀಯ. ನಾನು ನಕ್ಕು ಎಷ್ಟು ದಿನವಾಯ್ತೋ, ಈಗ ಅಳುವುದೂ ಇಲ್ಲ ಅಂತ. (ಮುಂದೆ ಇಸ್ರೇಲಿನ ಮುಖ್ಯ ರಬ್ಬಿಯಾದ ಇಸ್ರೇಲ್ ಮೇಯರ್ ಲಾವ್ ಇವನೇ.) ಹಾಕಿ ಈಗ ಪಿಟೀಲು!

'ದೊಡ್ಡಮ್ಮಾ, ಒಂದು ನಿಮಿಷದ ರೀಲ್‌ನಲ್ಲಿ ಇನ್ನೆಷ್ಟು ಹೇಳಕ್ಕಾಗತ್ತೆ?' ಅಂತ ತಂಗಿಯ ಮಗ ಬರೆದ. ಹೌದು ಕಂದಾ, ಟ್ಯಾಂಕಿಗೆ ಮಾತ್ರ ನಲವತ್ತು ಸೆಕೆಂಡು ಸಿಕ್ಕಿತಲ್ಲ.

ನನ್ನ ಮನಸ್ಸು ನಿಂತಿದ್ದು ಇನ್ನೊಬ್ಬ ಸೇನಾ ರಬ್ಬಿ ಏಬ್ರಹಾಂ ಕ್ಲಾಸ್ನರ್ ಮೇಲೆ. ಅವರು ಡಖಾವ್ ಶಿಬಿರಕ್ಕೆ ಹೋದಾಗ ಗೇಟು ತೆರೆದು ವಾರಗಳೇ ಕಳೆದಿದ್ದವು. ಉಳಿದವರಿಗೆ ಬೇಕಿದ್ದದ್ದು ಒಂದೇ: ನಮ್ಮವರು ಯಾರಾದರೂ ಇದ್ದಾರಾ? ಕ್ಲಾಸ್ನರ್ ಒಬ್ಬೊಬ್ಬರದೇ ಹೆಸರು ಬರೆದುಕೊಳ್ಳತೊಡಗಿದರು. ಅವರ ತುಕಡಿಯನ್ನು ಬೇರೆ ಕಡೆ ಕಳಿಸಿದರೆ, ಆದೇಶ ಮೀರಿ ಡಖಾವ್‌ಗೆ ವಾಪಸ್ ಬಂದರು. ಬದುಕುಳಿದವರ ಹೆಸರುಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಬರೀ ಹೆಸರುಗಳು. ಅದರಲ್ಲೇ ಜನ ತಮ್ಮ ಅಣ್ಣನನ್ನೋ ಹೆಂಡತಿಯನ್ನೋ ಹುಡುಕಿದರು.

ಹಾಜರಿ ಕೂಗಿ ಕೂಗಿ ರಿಟೈರ್ ಆದವಳಿಗೆ ಪಟ್ಟಿ ಅಂದರೇನು ಅಂತ ಹೇಳಿಕೊಡಬೇಕಾ? ಬೇಕು ಅನಿಸುತ್ತೆ. ಇದನ್ನು ಯಾರಿಗೂ ಹೇಳಿರಲಿಲ್ಲ: ಗಣತಿ ಡ್ಯೂಟಿಯಲ್ಲಿ ಒಂದು ಮನೆಗೆ ಬೀಗ ಹಾಕಿತ್ತು. ಬಿಸಿಲು, ಕಾಲು ನೋವು. ಪಕ್ಕದ ಮನೆಯವರನ್ನು ಕೇಳಿ ತುಂಬಿಸಿಬಿಟ್ಟೆ. ಅವರಿಗೆ ಅಜ್ಜಿಯ ಹೆಸರು ಗೊತ್ತಿರಲಿಲ್ಲ. ಲಕ್ಷ್ಮಮ್ಮ ಅಂತ ಬರೆದೆ.